ಏಳನೇ ಅಂತಸ್ತಿನ ಶಾಲು

"ಏಳು ಅಂತಸ್ತಿನ ಬುರುಜು ಎಬ್ಬಿಸ್ತಿದ್ದೀನಿ ಪ್ರಭು. ಇವತ್ತಿನವರೆಗೆ ನನ್ನ ಒಬ್ಬನೇ ಒಬ್ಬ ಆಳೂ ಕೆಳಗೆ ಬಿದ್ದಿಲ್ಲ."

ಕಲ್ಮರಡಿಯ ದೊರೆ ಹಂಪರಸನ ಓಲಗದಲ್ಲಿ ಹೀಗೆ ಎದೆಯುಬ್ಬಿಸಿ ನಿಂತವನು ಕಟ್ಟಡದ ಪಾರುಪತ್ಯಗಾರ ವೀರಮಲ್ಲಪ್ಪ. ಎದೆಗಿಂತ ಹೊಟ್ಟೆಯೇ ಹೆಚ್ಚು ಉಬ್ಬಿತ್ತು, ಅದು ಬೇರೆ ಮಾತು.

ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಬೊಮ್ಮರಸ ದವಡೆ ನಿಲ್ಲಿಸಿದ. ಆಸ್ಥಾನದಲ್ಲಿ ಅವನಿಗಿದ್ದ ಕೆಲಸ ದೊರೆಯನ್ನು ನಗಿಸುವುದು. ಇವತ್ತು ಆ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು.

"ಬುದ್ಧಿ, ಗಾರೆ ಕೆಲಸದ ಹೊನ್ನವ್ವನ ಗಂಡ ಮಾರ ಹೋದ ತಿಂಗಳು ಐದನೇ ಅಂತಸ್ತಿಂದ ಸುಣ್ಣದ ಗುಂಡಿ ಪಕ್ಕಕ್ಕೆ ಬಂದು ಮಲಗಿದ್ನಲ್ಲ. ನಿದ್ದೆ ಮಾಡೋಕೆ ಇಳಿದಿದ್ನಾ?"

"ಅವನು ನಮ್ಮ ಆಳಲ್ಲ ಬೊಮ್ಮರಸರೇ. ನನ್ನದೊಂದು ಕಟ್ಟಳೆ ಇದೆ. ಕಾಲು ಹಲಗೆಯಿಂದ ಜಾರಿದ ಕ್ಷಣವೇ ಆಳನ್ನು ಕೆಲಸದಿಂದ ತೆಗೆದ ಹಾಗೆ. ನೆಲ ಮುಟ್ಟೋ ಹೊತ್ತಿಗೆ ಅವನು ಯಾರೋ ದಾರಿಹೋಕ."

"ದಾರಿಹೋಕ. ಮೇಲಿಂದ ಬಂದ ದಾರಿಹೋಕ. ಸರಿ. ಸೊಂಟಕ್ಕೆ ಕಟ್ಟೋ ಹಗ್ಗ ಕೊಡಬೇಕು ಅಂತ ಅರಮನೆಯ ಅಪ್ಪಣೆ ಇತ್ತಲ್ಲ?"

"ಹಗ್ಗ ಉಗ್ರಾಣದಲ್ಲಿ ಭದ್ರವಾಗಿದೆ. ಕಟ್ಟಿದರೆ ಆಳಿಗೆ ಸೋಮಾರಿತನ ಬರುತ್ತೆ. ನನ್ನ ಬಿದಿರು ಸಾರುವೆಯ ಹಲಗೆ ರಾಜಬೀದಿ ಇದ್ದ ಹಾಗೆ, ಮಗು ಕೂಡ ಓಡಾಡಬಹುದು."

ದೊರೆ ಒಳ್ಳೆಯವನೇ. ಆದರೆ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಅದು ನಿಜ ಅಂದುಕೊಳ್ಳುವ ದೊಡ್ಡವರ ಕಾಯಿಲೆ ಅವನಿಗೂ ಇತ್ತು. "ಇಂಥವನಿಗೆ ಜರತಾರಿ ಶಾಲು ಹೊದಿಸಬೇಕು" ಅಂದುಬಿಟ್ಟ.

ಸಂಜೆ ಹೊನ್ನವ್ವ ಗಾರೆ ಮೆತ್ತಿದ ಕೈಯಲ್ಲೇ ಬೊಮ್ಮರಸನ ಜಗಲಿಗೆ ಬಂದಳು. ಗಂಡನ ಮುರಿದ ಕಾಲು ಇನ್ನೂ ಕೂಡಿರಲಿಲ್ಲ.

"ನಾಡಿದ್ದಿನಿಂದ ಏಳನೇ ಅಂತಸ್ತಿಗೆ ಗಾರೆ ಬುಟ್ಟಿ ನಾನೇ ಹೊರಬೇಕಂತೆ ಅಪ್ಪಾರೆ. ಹಲಗೆ ಎರಡು ಗೇಣು ಅಗಲ. ತಲೆ ಮೇಲೆ ಬುಟ್ಟಿ, ಹಿಡ್ಕೊಳ್ಳೋಕೆ ಗಾಳಿ. ನಾನೂ ದಾರಿಹೋಕಳಾದ್ರೆ ಮನೇಲಿ ಮೂರು ಮಕ್ಕಳಿಗೆ ಗಂಜಿ ಹಾಕೋರು ಯಾರು?"

"ಉಗ್ರಾಣದಲ್ಲಿ ಹಗ್ಗ ಇದೆಯಂತಲ್ಲವ್ವ?"

ಹೊನ್ನವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಎತ್ತರದಲ್ಲಿ ಕೆಲಸ ಮಾಡುವವರಿಗೆ ಊರಿನ ಹಿತ್ತಿಲು, ಒಳಂಗಳ ಎಲ್ಲ ಕಾಣುತ್ತವೆ. ಕಂಡದ್ದನ್ನು ಯಾರೂ ಕೇಳುವುದಿಲ್ಲ ಅಷ್ಟೆ. ಅವಳು ಕಂಡದ್ದನ್ನು ಹೇಳಿದಳು. ಬೊಮ್ಮರಸ ಎಲೆಯಡಿಕೆ ಉಗಿದು ಬಂದು, "ಇನ್ನೊಂದ್ಸಲ ಹೇಳವ್ವ, ನಿಧಾನಕ್ಕೆ" ಅಂದ. ಅಷ್ಟು ರುಚಿಯಾಗಿತ್ತು ಸುದ್ದಿ.

ಮರುದಿನ ಓಲಗದಲ್ಲಿ ಅವನು ಕೈಮುಗಿದ. "ಪ್ರಭು, ಇಂಥ ಶೂರನಿಗೆ ಶಾಲನ್ನ ಚಾವಡಿಯಲ್ಲಿ ಹೊದಿಸೋದೇ? ಏಳನೇ ಅಂತಸ್ತಿನ ಹಲಗೆಯ ತುದಿಗೆ ಕಟ್ಟೋಣ. ರಾಜಬೀದಿಯಲ್ಲಿ ನಡೆದ ಹಾಗೆ ಹೋಗಿ ಹೊದ್ದುಕೊಂಡು ಬರಲಿ. ಊರೆಲ್ಲ ನೋಡಲಿ."

ದೊರೆ ತೊಡೆ ತಟ್ಟಿದ. ವೀರಮಲ್ಲಪ್ಪನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಒಲ್ಲೆ ಅನ್ನಲು ಬಾಯಿ ಎಲ್ಲಿ? ನಿನ್ನೆಯೇ ಖರ್ಚಾಗಿತ್ತು.

ಬುರುಜಿನ ಬುಡದಲ್ಲಿ ಊರಿಗೆ ಊರೇ ಸೇರಿತು. ಪಾರುಪತ್ಯಗಾರನ ಹೆಂಡತಿ ಸಿದ್ದಾಂಬೆ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ನಿಂತಳು. ವೀರಮಲ್ಲಪ್ಪ ಮೂರನೇ ಅಂತಸ್ತಿನವರೆಗೆ ಮೀಸೆ ತಿರುವಿಕೊಂಡು ಹೋದ. ಐದರಲ್ಲಿ ಮೀಸೆ ಬಿಟ್ಟು ಬಿದಿರು ಹಿಡಿದ. ಏಳರಲ್ಲಿ ಬಿದಿರನ್ನು ಎರಡೂ ಕೈ, ಎರಡೂ ಕಾಲು ಹಾಕಿ ತಬ್ಬಿದ. ಶಾಲು ನಾಲ್ಕು ಹೆಜ್ಜೆ ಆಚೆ ಗಾಳಿಗೆ ಕುಣಿಯುತ್ತಿತ್ತು.

"ಬೊಮ್ಮರಸರೇ, ಹಗ್ಗ ಕಳಿಸಿ," ಅಂತ ಮೇಲಿನಿಂದ ಧ್ವನಿ ಬಂತು, ತೀರಾ ಸಣ್ಣಗೆ.

"ಯಾವಾಗ ಕಳಿಸಲಿ ಸ್ವಾಮಿ?" ಬೊಮ್ಮರಸ ಕೈ ಬಾಯಿಗಿಟ್ಟು ಕೂಗಿದ. "ಹಲಗೆ ಮೇಲೆ ಇರೋವರೆಗೆ ನಿಮಗೆ ಹಗ್ಗ ಬೇಕಾಗಿಲ್ಲ. ಹಲಗೆ ಬಿಟ್ಟಮೇಲೆ ನೀವು ದಾರಿಹೋಕರು. ಅರಮನೆಯ ಹಗ್ಗ ದಾರಿಹೋಕರಿಗೆ ಕೊಡೋ ಹಾಗಿಲ್ಲ. ಎರಡರ ನಡುವೆ ಒಂದು ಗಳಿಗೆ ಇದ್ದರೆ ನೀವೇ ತೋರಿಸಿ."

ಜನ ಬಿದ್ದು ಬಿದ್ದು ನಕ್ಕರು. ದೊರೆ ಮಾತ್ರ ನಗಲಿಲ್ಲ. ಗುಂಪಿನಲ್ಲಿ ನಿಂತಿದ್ದ ಮಾರನ ಊರುಗೋಲು ಆಗಷ್ಟೇ ಅವನ ಕಣ್ಣಿಗೆ ಬಿದ್ದಿತ್ತು.

"ಆ ಕಟ್ಟಳೆ ಸುಟ್ಟು ಹಾಕಿ. ಉಗ್ರಾಣದಿಂದ ಹಗ್ಗ ತನ್ನಿ," ಅಂದ ದೊರೆ.

"ಉಗ್ರಾಣದಲ್ಲಿ ಇಲಿ ಮಾತ್ರ ಇದೆ ಪ್ರಭು, ಬೆಳಗ್ಗೆಯೇ ನೋಡಿ ಬಂದೆ." ಬೊಮ್ಮರಸ ಮತ್ತೆ ಮೇಲಕ್ಕೆ ಕೂಗಿದ. "ಸ್ವಾಮೀ, ಹಗ್ಗ ಎಲ್ಲಿದೆ ಅಂತ ಅಲ್ಲಿಂದ ನಿಮಗೇ ಕಾಣ್ತಿರಬೇಕಲ್ಲ. ಬೆರಳು ಮಾಡಿ ಸಾಕು."

ವೀರಮಲ್ಲಪ್ಪ ಕೆಳಗೆ ಹೆಂಡತಿಯನ್ನು ನೋಡಿದ. ಹಲಗೆ ಕಿರುಗುಟ್ಟಿತು. ಕಣ್ಣು ಮುಚ್ಚಿಕೊಂಡು ಬೆರಳು ಮಾಡಿದ.

ಬೆರಳು ಹೋದದ್ದು ಮೂರನೇ ಬೀದಿಗೆ. ಯಾರ ಮನೆ ಅನ್ನುವುದು ಬೇಡ; ನೀಲಿ ಬಾಗಿಲು, ಒಳಂಗಳದಲ್ಲಿ ಹೊಸ ಉಯ್ಯಾಲೆ, ಅಷ್ಟೆ. ಕಾವಲುಗಾರರು ಹೋಗಿ ಉಯ್ಯಾಲೆ ಬಿಚ್ಚಿ, ಪಕ್ಕದಲ್ಲಿ ರಾಶಿ ಬಿದ್ದಿದ್ದ ಉಳಿದ ಹಗ್ಗದ ದೊಡ್ಡ ಸಿಂಬಿಗಳನ್ನೂ ಹೊತ್ತು ತಂದರು. ಉಯ್ಯಾಲೆಯ ಹಗ್ಗಕ್ಕೆ ಸುತ್ತಿದ್ದ ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಸಿದ್ದಾಂಬೆ ಒಂದು ಎಸಳು ಕಿತ್ತು ಮೂಸಿದಳು. ಗಂಡನನ್ನು ಇಳಿಸಲು ಹೊರಟ ಆಳುಗಳಿಗೆ, "ಅವಸರ ಏನಿಲ್ಲಪ್ಪ, ಮೊದಲು ನಿಮ್ಮ ಸೊಂಟಕ್ಕೆ ಕಟ್ಕೊಳ್ಳಿ" ಅಂದಳು.

ಹಾಗೆಯೇ ಆಯಿತು. ಮೊದಲ ಹಗ್ಗ ಹೊನ್ನವ್ವನ ಸೊಂಟಕ್ಕೆ ಸಿಕ್ಕಿತು, ಕೊನೆಯದು ಮೇಲೆ ಹೋಯಿತು. ಹಲಗೆಗಳ ಅಂಚಿಗೆ ಬಿದಿರಿನ ತಡೆ, ಕೆಳಗೆ ಬಲೆ ಅಂತ ದೊರೆ ಅಲ್ಲೇ ಅಪ್ಪಣೆ ಮಾಡಿದ. ಮಾರನಿಗೆ ಕಾಲು ಕೂಡುವವರೆಗೂ ಪೂರಾ ಕೂಲಿ. ಶಾಲು ಬೊಮ್ಮರಸನ ಹೆಗಲಿಗೆ ಬಂತು.

ಹಿಟ್ಟಿನ ಮುದ್ದೆಯ ಹಾಗೆ ಕೆಳಗಿಳಿದ ವೀರಮಲ್ಲಪ್ಪನನ್ನು ನೋಡಿ ದೊರೆ ಕೇಳಿದ: "ಇವನನ್ನು ಕೆಲಸದಿಂದ ತೆಗೆದುಬಿಡಲೇ?"

"ಬೇಡ ಪ್ರಭು," ಅಂದ ಬೊಮ್ಮರಸ. "ದಿನಾ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಏಳನೇ ಅಂತಸ್ತಿಗೆ ಹತ್ತಿ, ಒಂದೊಂದು ಹಗ್ಗಕ್ಕೂ ಜೋತು ಬಿದ್ದು ಗಟ್ಟಿ ಇದೆಯಾ ಅಂತ ನೋಡೋ ಕೆಲಸ ಕೊಡಿ. ಅಷ್ಟು ನಿಗಾ ಇಟ್ಟು ನೋಡೋರು ರಾಜ್ಯದಲ್ಲೇ ಇನ್ನೊಬ್ಬರು ಸಿಗೋಲ್ಲ."