ಕೈಗೆಟುಕದ ಜಾಗ

"ಗುರುಗಳೇ, ಎಣ್ಣೆ ಹಚ್ಚಿದೆ, ಪಥ್ಯ ಮಾಡಿದೆ. ಚರ್ಮ ವಾಸಿಯಾಯಿತು. ತುರಿಕೆ ಮಾತ್ರ ಹೋಗಲಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ. ಕೇಳುವಾಗಲೂ ಮುಂಗೈ ಕೆರೆದುಕೊಳ್ಳುತ್ತಿದ್ದ.

ಗುರು ಹೇಳಿದರು:

ಒಬ್ಬ ಕಂಬಳಿ ನೇಕಾರನಿದ್ದ. ಅವನಿಗೂ ಅವನ ಹೆಂಡತಿಗೂ ಇದ್ದ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ಮದ್ದು ಕೊಡುವ ಪಂಡಿತನನ್ನು ಕರೆಸಲು ತಡವಾಗಿತ್ತು. ತಡಮಾಡಿದವಳು ನೀನು ಎಂದು ಅವನು ಅನ್ನಲಿಲ್ಲ. ನೀನು ಎಂದು ಅವಳೂ ಅನ್ನಲಿಲ್ಲ. ಅನ್ನದೆ ಅನ್ನದೆ ಆ ಮನೆಯಲ್ಲಿ ಮಾತೇ ನಿಂತಿತು.

ನೇಕಾರನಿಗೆ ಬೆನ್ನಿನ ನಡುವೆ ತುರಿಕೆ ಹತ್ತಿತು. ಅವನ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ಹಗಲು ಮಗ್ಗದಲ್ಲಿ ಹೇಗೋ ಕಳೆಯುತ್ತಿತ್ತು. ಸಂಜೆ ಜಗಲಿಯಲ್ಲಿ ಕೂತರೆ ತಡೆಯಲಾಗುತ್ತಿರಲಿಲ್ಲ. ಕಂಬಕ್ಕೆ ಬೆನ್ನು ಉಜ್ಜುತ್ತಿದ್ದ. ಒಂದು ಸಂಜೆ ಹೆಂಡತಿ ನೋಡಿದಳು. ಬಂದು ಹಿಂದೆ ಕೂತು ಕೆರೆದಳು.

"ಇಲ್ಲೇನು?"

"ಇನ್ನೂ ಮೇಲೆ."

"ಇಲ್ಲಿ?"

"ಎಡಕ್ಕೆ. ಹಾಂ."

ಮರುದಿನವೂ ಹಾಗೆಯೇ ಆಯಿತು. ಇಡೀ ದಿನಕ್ಕೆ ಆ ಮನೆಯಲ್ಲಿ ಇಷ್ಟೇ ಮಾತು.

ಕೆರೆದಷ್ಟೂ ತುರಿಕೆ ಹೆಚ್ಚಿತು. ಚರ್ಮ ದಪ್ಪವಾಯಿತು, ಕಪ್ಪಾಯಿತು, ಒಡೆದು ಕೀವು ಕಟ್ಟಿತು. ಹೆಂಡತಿ ಹೆದರಿದಳು. ಒಂದು ಸಲ ತಡವಾದದ್ದು ಸಾಕೆಂದು ಅವನನ್ನು ಪಂಡಿತನ ಮನೆಗೆ ಕರೆದೊಯ್ದಳು.

"ಉಣ್ಣೆಯ ದೂಳು. ಬೆವರಿಗೆ ಅಂಟಿ ಚರ್ಮ ಕೆಟ್ಟಿದೆ, ಕೆರೆದು ಇನ್ನಷ್ಟು ಕೆಟ್ಟಿದೆ. ಮಗ್ಗದಿಂದ ಎದ್ದ ಕೂಡಲೇ ಬೇವಿನ ನೀರು ಸುರಿದುಕೋ, ಕಷಾಯ ಕುಡಿ," ಎಂದ ಪಂಡಿತ. ಅವಳ ಕಡೆ ತಿರುಗಿ, "ಆ ಜಾಗಕ್ಕೆ ಬೆರಳು ತಾಗಿಸಬೇಡಮ್ಮ," ಎಂದ.

ಅವಳು ತಾಗಿಸಲಿಲ್ಲ. ಸುಗ್ಗಿಯ ಹೊತ್ತಿಗೆ ಬೆನ್ನು ವಾಸಿಯಾಯಿತು. ಸಂಜೆ ಅವನು ಜಗಲಿಯಲ್ಲಿ ಕೂರುತ್ತಿದ್ದ. ಅವಳು ಒಳಗೆ ಒಲೆಯ ಮುಂದೆ ಕೂರುತ್ತಿದ್ದಳು. ನಡುವೆ ಬಾಗಿಲು ತೆರೆದೇ ಇರುತ್ತಿತ್ತು.

ಅವನಿಗೆ ತುರಿಕೆ ಬೇಕೆನಿಸಿತು.

ಬೇಲಿಯ ಮೇಲೆ ನಸುಗುನ್ನಿ ಬಳ್ಳಿ ಹಬ್ಬಿತ್ತು. ಅದರ ಕಾಯಿಯ ರೋಮ ತಾಗಿದರೆ ದನಗಳೂ ಹುಚ್ಚೆದ್ದು ಓಡುತ್ತವೆ. ಅವನು ಆ ಕಾಯಿಯನ್ನು ಕೋಲಿನ ತುದಿಗೆ ಕಟ್ಟಿ ಬೆನ್ನಿಗೆ ಉಜ್ಜಿಕೊಂಡ. ಮೈ ಹೊತ್ತಿ ಉರಿಯಿತು. ಹೋಗಿ ಹೆಂಡತಿಯ ಮುಂದೆ ಬೆನ್ನು ಕೊಟ್ಟು ಕೂತ. ಅವಳು ಕೈ ಎತ್ತಿದಳು. ಪಂಡಿತನ ಮಾತು ನೆನಪಾಗಿ ಇಳಿಸಿದಳು. ಅವನನ್ನು ಎಬ್ಬಿಸಿಕೊಂಡು ಮತ್ತೆ ಅದೇ ಪಂಡಿತನ ಮನೆಗೆ ನಡೆದಳು.

ಪಂಡಿತ ಅವಳನ್ನು ಹೊರಗೆ ಕೂರಿಸಿ ಬೆನ್ನು ನೋಡಿದ.

"ಇದು ಉಣ್ಣೆಯಲ್ಲ, ನಸುಗುನ್ನಿ. ಎಮ್ಮೆಯ ಹಾಗೆ ಬೇಲಿಯಲ್ಲಿ ಹೊರಳಾಡಿದೆಯೇನೋ?"

"ನಾನೇ ಉಜ್ಜಿಕೊಂಡೆ, ಪಂಡಿತರೇ."

"ತುರಿಕೆ ಹೋಗಲಿ ಎಂದು ಬರುವವರನ್ನು ಕಂಡಿದ್ದೇನೆ. ಬೇಕೆಂದು ಹಚ್ಚಿಕೊಂಡವನು ನೀನೇ ಮೊದಲು," ಎಂದು ಪಂಡಿತ ನಕ್ಕ.

ನೇಕಾರ ತಲೆ ತಗ್ಗಿಸಿದ. "ಅದಿದ್ದರೆ ಅವಳು ಬಂದು ಕೂರುತ್ತಾಳೆ."

ಪಂಡಿತನ ನಗು ನಿಂತಿತು. "ಬರೀ ಉಣ್ಣೆಯದಾಗಿದ್ದರೆ ಮಗ್ಗದಲ್ಲೇ ಹೆಚ್ಚಬೇಕಿತ್ತು. ನಿನಗೆ ಹೆಚ್ಚುತ್ತಿದ್ದದ್ದು ಸಂಜೆ ಎಂದು ನೀನೇ ಹೇಳಿದ್ದೆ. ಆಗಲೇ ನಾನು ಕೇಳಬೇಕಿತ್ತು," ಎಂದ. ಸಗಣಿ ಬಳಿದು, ತೊಳೆದು, ರೋಮ ತೆಗೆದ. "ಉರಿ ಇಳಿದ ಮೇಲೆ ಹೋಗಿ ಮತ್ತೆ ಅವಳ ಮುಂದೆ ಕೂರು."

"ತುರಿಕೆ ಇಲ್ಲದೆಯೇ?"

"ಇಲ್ಲದೆಯೇ."

ಉರಿ ಇಳಿಯಿತು. ನೇಕಾರ ಹೋಗಿ ಕೂತ. ಹೆಂಡತಿ ಬಟ್ಟೆ ಸರಿಸಿ ನೋಡಿದಳು. ಅಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

"ವಾಸಿಯಾಗಿದೆಯಲ್ಲ," ಎಂದಳು.

"ಇಲ್ಲ," ಎಂದ.

ಅವಳು ಹಿಂದೆ ಕೂತು ಆ ಜಾಗದ ಮೇಲೆ ಅಂಗೈ ಇಟ್ಟಳು. ಕೆರೆಯಲಿಲ್ಲ. ಮಗಳ ಹೆಸರು ಹೇಳಿದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಮತ್ತೆ ಮುಂಗೈ ಕೆರೆದುಕೊಂಡ. "ಆದರೆ ನಾನು ಮದುವೆಯೇ ಆದವನಲ್ಲವಲ್ಲ, ಗುರುಗಳೇ," ಎಂದ.

ಗುರು ಕೇಳಿದರು: "ಮಠಕ್ಕೆ ಬರುವಾಗ ಮನೆಯಲ್ಲಿ ಯಾರಿಗೆ ಹೇಳದೆ ಬಂದೆ?"