ಸಾಹುಕಾರರ ಪರವಾಗಿ

ಇಲಿಗಳ ಭಾಷೆ ಬಲ್ಲವನು ಈ ರಾಜ್ಯದಲ್ಲಿ ನಾನೊಬ್ಬನೇ. ಸುಳ್ಳು ಬಿಡಿ, ನಮ್ಮ ಮನೆ ನಾಯಿಯ ಮಾತೇ ನನಗೆ ತಿಳಿಯುವುದಿಲ್ಲ. ಕಥೆ ಮಾತ್ರ ನಿಜ.

ದುಂಡಪ್ಪನೆಂಬ ಹೆಗ್ಗಣ ಅಕ್ಕಿ ಮಂಡಿಯ ಸಾಹುಕಾರ. ವ್ಯಾಪಾರದಲ್ಲಿ ಅವನಿಗೆ ಬಿಡುವೇ ಇಲ್ಲ. ಮದುವೆಗಾಗಲಿ, ಮಣ್ಣಿಗಾಗಲಿ, ತನ್ನ ಪರವಾಗಿ ಗುಮಾಸ್ತ ಇಲಿ ಸಣ್ಣೀರನನ್ನೇ ಕಳಿಸುತ್ತಿದ್ದ. ಒಂದು ದಿನ ವೈದ್ಯ ಹಲ್ಲಿ ಗದರಿತು: “ಕೂತು ಕೂತು ಮೈ ಬೆಳೆದಿದೆ, ಸಾಹುಕಾರ್ರೇ. ದಿನಾ ಬೆಳಿಗ್ಗೆ ಗೋದಾಮಿನ ಸುತ್ತ ಓಡಬೇಕು.”

“ನಮ್ಮ ಕಡೆಯಿಂದ ಒಬ್ಬ ಓಡಿದ್ರೆ ಸಾಕಲ್ವಾ?” ಎಂದ ದುಂಡಪ್ಪ.

ಮರುದಿನದಿಂದ ಸಣ್ಣೀರ ಓಡಿದ. ಅವನು ಬೆವರಿಳಿಸುತ್ತ ಬಂದು ನಿಂತರೆ ದುಂಡಪ್ಪ ಮೂಟೆಯ ಮೇಲೆ ಕೂತೇ, “ಇವತ್ತು ಮೈ ಹಗುರಾಗಿದೆ ಕಣೋ,” ಎಂದು ಮೀಸೆ ತಿರುವುತ್ತಿದ್ದ.

ಒಂದು ಬೆಳಿಗ್ಗೆ ಗೋದಾಮಿಗೆ ಬೆಕ್ಕು ನುಗ್ಗಿತು. ಇಬ್ಬರೂ ಬಿಲದತ್ತ ಓಡಿದರು. ಸಣ್ಣೀರ ಒಳಗೆ ಸೇರಿ ತಿರುಗಿ ನೋಡಿದ. ದುಂಡಪ್ಪ ಅರ್ಧದಾರಿಯಲ್ಲೇ ಏದುಸಿರು ಬಿಡುತ್ತ ಕುಸಿದಿದ್ದ.

“ಏಳಿ ಸಾಹುಕಾರ್ರೇ, ಇನ್ನೊಂದು ಚೂರು!”

“ಆಗಲ್ಲವೋ. ನನ್ನ ಪರವಾಗಿ ನೀನೇ ಓಡೋ!”

“ಓಡಿ ಆಯ್ತಲ್ಲ, ಸಾಹುಕಾರ್ರೇ,” ಎಂದು ಸಣ್ಣೀರ ಅಳತೊಡಗಿದ. ಬೆಕ್ಕಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

ಮುಂದಿನದು ನೀವೇ ಊಹಿಸಿಕೊಳ್ಳಿ. ನಾನು ಕುಡಿದ ಈ ಚಹಾದ ದುಡ್ಡೊಂದು ನನ್ನ ಪರವಾಗಿ ನೀವೇ ಕೊಟ್ಟುಬಿಡಿ, ಸ್ವಾಮಿ.