ತೂಬಿಗೆ ಎರಡು ಬೀಗ

"ಕೇಳಿರಯ್ಯಾ, ಮೇಲಣಸೀಮೆಯ ಅರಸ ವೀರಮಲ್ಲರ ಅಪ್ಪಣೆ! ಕುಮಾರಿ ಜಕ್ಕಲೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಕುಮಾರಿಯೂ ಉಂಟು, ಸಿರಿಹೊಳೆಯ ತೂಬಿನ ಬೀಗದಕೈಯೂ ಉಂಟು. ತಪ್ಪಿದವನ ತಲೆ ಉಳಿಯದು."

ಒಗಟು ಮಗಳದು, ತಲೆಯ ಮಾತು ಅಪ್ಪನದು. ಕೆಳಗಣಸೀಮೆ ಆಳುವ ತಮ್ಮ ದೇವಮಲ್ಲನ ಗದ್ದೆಗಳು ತನ್ನವಕ್ಕಿಂತ ಹಸಿರಾಗಿವೆ ಎಂದು ಅರಸನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅದಕ್ಕೇ ತೂಬು ಮುಚ್ಚಿಸಿ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಕೆಳಗೆ ಪೈರು ಬಾಡುತ್ತಿತ್ತು.

ಮೊದಲು ಬಂದವನು ಕಟ್ಟೆಯ ಅಧಿಕಾರಿಯ ಮಗ ಚಾವುಂಡ. ಅವನ ಹಿಂದೆಯೇ ಕಾಲುವೆಯ ಅಧಿಕಾರಿಯ ಮಗ ಎರೆಯಮ. ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಮಕ್ಕಳೂ ಹಾಗೇ.

"ತಡೆದವನ ಮನೆಯನ್ನೇ ಮೊದಲು ಮುಳುಗಿಸುವುದು ಯಾವುದು?" ಎಂದಳು ಜಕ್ಕಲೆ.

"ಕೋಪ," ಎಂದ ಚಾವುಂಡ. ತಲೆ ತೆಗೆಯುವ ದಿನದವರೆಗೆ ಇರಲೆಂದು ಭಟರು ಅವನನ್ನು ಸೆರೆಗೆ ಒಯ್ದರು. ಉತ್ತರ ಗೊತ್ತಿದ್ದ ಎರೆಯಮ ಪಿಸುಗುಟ್ಟಿದ್ದರೆ ಚಾವುಂಡ ಸೆರೆಗೆ ಹೋಗುತ್ತಿರಲಿಲ್ಲ. ಅವನು ತನ್ನ ಸರದಿ ಬರುವವರೆಗೆ ಕಾದು, "ಹೊಳೆ," ಎಂದು ನಕ್ಕ.

"ಹತ್ತು ಜನ ಕಾದರೂ ಕಳವಾಗುವುದು, ಒಬ್ಬನೇ ಕಾದರೆ ಉಳಿಯುವುದು ಯಾವುದು?"

"ಬೊಕ್ಕಸ," ಎಂದ ಎರೆಯಮ. ಅವನಿಗೂ ಸೆರೆಯಲ್ಲಿ ಜಾಗ ಸಿಕ್ಕಿತು. ತಲೆ ಹೋಗುವ ಹೊತ್ತಿನಲ್ಲೂ ಯಾರ ಚಾಪೆ ದೊಡ್ಡದು ಎಂದು ಇಬ್ಬರಿಗೂ ಜಗಳ.

ಆಮೇಲೆ ಬಂದವನು ಕೆಳಗಣಸೀಮೆಯ ಬೊಪ್ಪ. ಕಾಲುವೆಯ ಕೊನೆಯ ತುಂಡು ಗದ್ದೆ ಅವನದು.

"ಯಾಕಯ್ಯಾ, ತಲೆ ಭಾರವಾಯಿತೇ?" ಎಂದ ಅರಸ.

"ಪೈರು ಒಣಗ್ತಾ ಇದೆ ಬುದ್ಧಿ. ಅದು ಹೋದ್ಮೇಲೆ ತಲೆ ಇಟ್ಕೊಂಡು ಏನ್ಮಾಡ್ಲಿ?"

ಜಕ್ಕಲೆ ಅವೇ ಒಗಟು ಕೇಳಿದಳು.

"ಮೊದಲನೇದು ಹೊಳೆ ಕಣಮ್ಮಾ. ತಡೆದ ನೀರು ಹಿಂದಕ್ಕೇ ಏರುತ್ತೆ. ಬರೋ ದಾರೀಲಿ ನೋಡ್ದೆ, ಅರಸರ ಕಬ್ಬಿನ ಗದ್ದೇಲೇ ಮೊಣಕಾಲುದ್ದ ನಿಂತಿದೆ. ಎರಡನೇದು ಕಾಲುವೆ ನೀರು. ಕಾಲುವೆಯೋರು ನೋಡ್ಕೋತಾರೆ ಅಂತ ಕಟ್ಟೆಯೋರು ಬಿಡ್ತಾರೆ, ಗಡಿ ಕಾಯೋರು ನೋಡ್ಕೋತಾರೆ ಅಂತ ಕಾಲುವೆಯೋರು ಬಿಡ್ತಾರೆ, ನಡುವೆ ನೀರೇ ಮಾಯ. ನಮ್ಮೂರಲ್ಲಿ ಕಡೇ ಗದ್ದೆಗೆ ಮೊದಲ ಸರದಿ. ಆ ಗದ್ದೆಯೋನು ತೂಬಿಂದ ನೀರಿನ ಜೊತೆಗೇ ನಡ್ಕೊಂಡು ಬರ್ತಾನೆ. ಅವನ ಕಣ್ಣು ತಪ್ಪಿಸಿ ಯಾರೂ ಕದಿಯಕ್ಕಾಗಲ್ಲ."

"ತುಂಬಿದ ಕೆರೆಯ ದಡದಲ್ಲೇ ಕೂತು ಬಾಯಾರಿ ಸೊರಗುವವನು ಯಾರು?"

ಬೊಪ್ಪ ಅರಸನ ಸೊಂಟದ ಬೀಗದಕೈ ನೋಡಿದ.

"ಹೊಟ್ಟೆಕಿಚ್ಚಿನೋನು. ನಮ್ಮಣ್ಣನ ಗದ್ದೆ ನನ್ನದಕ್ಕಿಂತ ಹಸಿರಾದ್ರೆ ನಂಗೆ ಅನ್ನ ಇಳಿಯಲ್ಲ ಬುದ್ಧಿ. ನಂಗೂ ನಿಮ್ಗೂ ಒಂದೇ ಕಾಯಿಲೆ."

ಅರಸನ ಕೈ ಕತ್ತಿಗೆ ಹೋಯಿತು.

"ಉತ್ತರ ಸರಿಯಾಗಿದೆ ಅಪ್ಪಾಜಿ," ಎಂದಳು ಜಕ್ಕಲೆ. "ಇಡೀ ಸಭೆ ಕೇಳಿಸಿಕೊಂಡಿದೆ."

ಅರಸ ಹಲ್ಲು ಕಚ್ಚಿ ಬೀಗದಕೈ ಬಿಚ್ಚಿಕೊಟ್ಟ. ಬೊಪ್ಪ ಅದನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ.

"ತೂಬಿಗೆ ಎರಡು ಬೀಗ ಹಾಕ್ಸಿ. ಒಂದರ ಕೈ ನಿಮ್ಗೆ, ಇನ್ನೊಂದರದ್ದು ನಿಮ್ಮ ತಮ್ಮಂಗೆ. ಸೆರೇಲಿರೋ ಇಬ್ಬರನ್ನೂ ಬಿಟ್ಟು ನೀರಿನ ಜೊತೆ ನಡೆಸಿ. ಒಬ್ಬನ ಕಳ್ಳತನ ಇನ್ನೊಬ್ಬ ಮುಚ್ಚಿಡೋನಲ್ಲ."

ಅಲ್ಲಿಂದಾಚೆಗೆ ನೀರು ಬಿಡುವ ದಿನ, ತಮ್ಮ ಮೊದಲು ಬಂದಾನು ಎಂದು ಅಣ್ಣ, ಅಣ್ಣ ಮೊದಲು ಬಂದಾನು ಎಂದು ತಮ್ಮ, ಇಬ್ಬರೂ ನಸುಕಿಗೇ ತೂಬಿನ ಮುಂದೆ ಹಾಜರು. ನೀರು ಒಮ್ಮೆಯೂ ತಡವಾಗಲಿಲ್ಲ.

ಜಕ್ಕಲೆಯ ಪಕ್ಕದಲ್ಲಿ ಕೂತು ಬೊಪ್ಪ ಮದುವೆಯೂಟವನ್ನು ಎರಡೆರಡು ಸಲ ಬಡಿಸಿಕೊಂಡು ಉಂಡ. ಅಂದು ಎಲೆಯ ಮುಂದೆ ಅನ್ನ ಇಳಿಯದೆ ಒದ್ದಾಡಿದವನು ಅವನ ಅಣ್ಣ.